ನೀರಿನ ಹದ, ಗಾಳಿಯ ಹದ: ಕಾರ್ಬನ್ ಪ್ರಿಂಟ್ ಬಗ್ಗೆ ಓದುಗರ ಪ್ರಶ್ನೆಗಳು

ಬಣ್ಣ ಬೆರೆಸಿದ ಜೆಲಾಟಿನ್ ಪದರದಲ್ಲಿ ಫೋಟೊ ಮೂಡಿಸಿ, ಅದನ್ನು ಇನ್ನೊಂದು ಕಾಗದಕ್ಕೆ ವರ್ಗಾಯಿಸುವ ವಿಧಾನವೇ ಕಾರ್ಬನ್ ಟ್ರಾನ್ಸ್‌ಫರ್ ಪ್ರಿಂಟ್. ಅದನ್ನು ಮಾಡಲು ಹೊರಟ ಓದುಗರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಈ ವಿಧಾನದ ಅಳತೆಗಳೆಲ್ಲ ತಂಪು ದೇಶಗಳಲ್ಲಿ ಹುಟ್ಟಿದವು. ನಮ್ಮ ಊರುಗಳಲ್ಲಿ ಪ್ರಿಂಟ್ ಕೆಡುವುದು ರಾಸಾಯನಿಕ ತಪ್ಪಿದ್ದರಿಂದ ಅಲ್ಲ, ಹೆಚ್ಚಾಗಿ ನೀರಿನ ಬಿಸಿ ಮತ್ತು ಗಾಳಿಯ ತೇವ ಲೆಕ್ಕ ತಪ್ಪಿದ್ದರಿಂದ. ಉತ್ತರಗಳನ್ನು ಓದುವಾಗ ಇದು ನೆನಪಿರಲಿ.

ಪ್ರಶ್ನೆ: ಬಣ್ಣ ಬೆರೆಸಿದ ಜೆಲಾಟಿನ್ ಅನ್ನು ಕಾಗದಕ್ಕೆ ಬಳಿದು, ನೆಗೆಟಿವ್ ಇಟ್ಟು ಬೆಳಕು ಕೊಟ್ಟು, ಅದೇ ಕಾಗದವನ್ನು ಬಿಸಿನೀರಿನಲ್ಲಿ ತೊಳೆದರೆ ಸಾಲದೇ? ಇನ್ನೊಂದು ಕಾಗದಕ್ಕೆ ವರ್ಗಾಯಿಸುವ ರಗಳೆ ಏಕೆ? (ಮೈಸೂರು)

ಶುರುವಿನಲ್ಲಿ ಎಲ್ಲರೂ ನೀವು ಹೇಳಿದಂತೆಯೇ ಮಾಡಿದರು. ಫ್ರಾನ್ಸ್‌ನ ಅಲ್ಫೋನ್ಸ್ ಪೊಯ್ಟವಾಂ 1855ರಲ್ಲಿ ಪೇಟೆಂಟ್ ಪಡೆದ ವಿಧಾನ ಅದೇ. ದಟ್ಟ ಕಪ್ಪು ಉಳಿಯುತ್ತಿತ್ತು, ನಡುವಿನ ಬೂದು ಛಾಯೆಗಳು ಮಾತ್ರ ನೀರಿನಲ್ಲಿ ಕೊಚ್ಚಿಹೋಗುತ್ತಿದ್ದವು. ಡೈಕ್ರೋಮೇಟ್ ಎಂಬ ಕ್ರೋಮಿಯಂ ಲವಣ ಸೇರಿದ ಜೆಲಾಟಿನ್ ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಆದರೆ ಮೇಲಿನಿಂದ ಕೆಳಕ್ಕೆ. ಬೂದು ಛಾಯೆ ಇರುವಲ್ಲಿ ಮೇಲ್ಪದರ ಗಟ್ಟಿಯಾಗಿದ್ದರೂ ಕಾಗದಕ್ಕೆ ತಾಗಿದ ತಳದ ಪದರ ಮೆತ್ತಗೇ ಇರುತ್ತದೆ. ಬಿಸಿನೀರಿನಲ್ಲಿ ಆ ತಳ ಕರಗಿತು ಎಂದರೆ ಮೇಲಿನ ಚಿತ್ರಕ್ಕೆ ಆಸರೆಯೇ ಇಲ್ಲ.

ಇಂಗ್ಲೆಂಡಿನ ಜೋಸೆಫ್ ವಿಲ್ಸನ್ ಸ್ವಾನ್ 1864ರಲ್ಲಿ ಇದಕ್ಕೆ ಕೆಲಸಕ್ಕೆ ಬರುವ ಪರಿಹಾರ ಕೊಟ್ಟರು. ಬೆಳಕು ಕಂಡ ಮೇಲ್ಮೈಯನ್ನು ಹೊಸ ಕಾಗದಕ್ಕೆ ಮುಖ ಕೂಡಿಸಿ ಅಂಟಿಸುವುದು, ಹಳೆಯ ಕಾಗದವನ್ನು ಕಿತ್ತು ಹಿಂಬದಿಯಿಂದ ಕರಗಿಸುವುದು. ಗಟ್ಟಿಯಾದ ಭಾಗವೆಲ್ಲ ಈಗ ಹೊಸ ಕಾಗದಕ್ಕೆ ನೇರವಾಗಿ ಕಚ್ಚಿಕೊಂಡಿರುತ್ತದೆ. ಅತಿ ತಿಳಿಯಾದ ಛಾಯೆ ಕೂಡ ಉಳಿಯುವುದು ಹೀಗೆ. ಚಿತ್ರ ಎಡಬಲ ತಿರುಗಿ ಬರುತ್ತದೆ ಎಂಬುದೊಂದೇ ತೊಡಕು. ಡಿಜಿಟಲ್ ನೆಗೆಟಿವ್ ಆದರೆ ಮುದ್ರಿಸುವಾಗಲೇ ತಿರುಗಿಸಿಕೊಳ್ಳಿ. ಶೀಟ್ ಫಿಲ್ಮ್ ಆದರೆ ಅದನ್ನು ಮಗುಚಿ ಇಡಬಹುದು, ಫಿಲ್ಮ್ ದಪ್ಪದಷ್ಟು ಮೊನಚು ಕಡಿಮೆಯಾಗುತ್ತದೆ.

ಪ್ರಶ್ನೆ: ಟಿಶ್ಯೂ (ಬಣ್ಣದ ಜೆಲಾಟಿನ್ ಬಳಿದ ಕಾಗದ) ಸಿದ್ಧವಾಗಿ ಕೊಳ್ಳಲು ಸಿಗುತ್ತಿಲ್ಲ. ಮನೆಯಲ್ಲೇ ಮಾಡಿಕೊಳ್ಳುವ ಅಳತೆ ಕೊಡಿ. (ಶಿವಮೊಗ್ಗ)

20×25 ಸೆಂ.ಮೀ. ಹಾಳೆಗೆ 1 ಮಿ.ಮೀ. ಹಸಿ ಪದರ ಬೇಕೆಂದರೆ 50 ಮಿ.ಲೀ. ದ್ರವ ಬೇಕು. ಅರ್ಧ ಲೀಟರ್ ಮಾಡಿಕೊಂಡರೆ ಸೋರಿದ್ದು ಹೋಗಿ ಒಂಬತ್ತು ಹಾಳೆ ಆಗುತ್ತವೆ.

ತಣ್ಣೀರು 430 ಮಿ.ಲೀ., ಜೆಲಾಟಿನ್ 45 ಗ್ರಾಂ (ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ, ಹೆಪ್ಪುಗಟ್ಟುವ ಬಲ 250 ಬ್ಲೂಮ್ ಎಂದು ಬರೆದಿರುವ ಪುಡಿ), ಸಕ್ಕರೆ 20 ಗ್ರಾಂ, ಇಂಡಿಯನ್ ಇಂಕ್ 8 ಮಿ.ಲೀ., ಐಸೊಪ್ರೊಪೈಲ್ ಆಲ್ಕೊಹಾಲ್ 15 ಮಿ.ಲೀ. ಒಣ ಹವೆಯ ಊರಾದರೆ ಗ್ಲಿಸರಿನ್ 5 ಮಿ.ಲೀ. ಸೇರಿಸಿ. ಕರಾವಳಿಯವರು ಗ್ಲಿಸರಿನ್ ಬಿಟ್ಟುಬಿಡಿ.

ಜೆಲಾಟಿನ್ ಅನ್ನು ತಣ್ಣೀರಿನ ಮೇಲೆ ಉದುರಿಸಿ ಅರ್ಧ ಗಂಟೆ ನೆನೆಯಲು ಬಿಡಿ. ಬಿಸಿನೀರಿಗೆ ಪುಡಿ ಹಾಕಿದರೆ ಒಡೆಯದ ಗಂಟುಗಳಾಗುತ್ತವೆ. ಆಮೇಲೆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು 50 ಡಿಗ್ರಿಗೆ ತನ್ನಿ. 60 ದಾಟಿ ಬಹಳ ಹೊತ್ತು ಬಿಟ್ಟರೆ ಜೆಲಾಟಿನ್ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಸಕ್ಕರೆ ಕರಗಿಸಿ, ಮಸಿಯನ್ನು ಸ್ವಲ್ಪ ಬಿಸಿನೀರಿನಲ್ಲಿ ಬೆರೆಸಿಕೊಂಡು ನಿಧಾನವಾಗಿ ಹುಯ್ಯಿರಿ, ಕೊನೆಗೆ ಆಲ್ಕೊಹಾಲ್ ಹಾಕಿ. ಜೋರಾಗಿ ಕಲಕಬೇಡಿ. ಹತ್ತಿ ಬಟ್ಟೆಯಲ್ಲಿ ಸೋಸಿ, 40 ಡಿಗ್ರಿಯಲ್ಲಿ ಒಂದೆರಡು ಗಂಟೆ ಮುಚ್ಚಿಟ್ಟರೆ ಗುಳ್ಳೆಗಳೆಲ್ಲ ಮೇಲೇರಿ ಒಡೆಯುತ್ತವೆ. ಈ ಕಾಯುವಿಕೆಯನ್ನು ತಪ್ಪಿಸಬೇಡಿ. ಇಲ್ಲಿ ಉಳಿದ ಒಂದೊಂದು ಗುಳ್ಳೆಯೂ ಪ್ರಿಂಟ್‌ನಲ್ಲಿ ಬಿಳಿ ಚುಕ್ಕೆ.

ದಪ್ಪ ಗಾಜಿನ ಹಲಗೆಯನ್ನು ರಸಮಟ್ಟ ಇಟ್ಟು ನಾಲ್ಕೂ ಕಡೆ ಸಮ ಮಾಡಿ. ಡ್ರಾಯಿಂಗ್ ಕಾರ್ಟ್ರಿಜ್ ಕಾಗದವನ್ನು ನೀರಿನಲ್ಲಿ ನೆನೆಸಿ ಗಾಜಿಗೆ ಒತ್ತಿ ಕೂರಿಸಿ, ಮೇಲಿನ ನೀರು ಒರೆಸಿ. ದ್ರವವನ್ನು ನಡುವೆ ಹುಯ್ದು ಬಾಚಣಿಗೆಯಿಂದ ಅಂಚಿನವರೆಗೆ ಎಳೆಯಿರಿ. ಹತ್ತು ಹದಿನೈದು ನಿಮಿಷದಲ್ಲಿ ಹೆಪ್ಪುಗಟ್ಟದಿದ್ದರೆ ಕೋಣೆ ಹೆಚ್ಚು ಬೆಚ್ಚಗಿದೆ ಎಂದರ್ಥ. ಗಾಜಿನ ಕೆಳಗೆ ಐಸ್‌ನೀರಿನ ಟ್ರೇ ಇಡಿ, ಇಲ್ಲವೇ ಈ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ.

ಶೆಲ್ಯಾಕ್ ಸೇರಿದ ಇಂಡಿಯನ್ ಇಂಕ್ ಕೆಲವೊಮ್ಮೆ ಜೆಲಾಟಿನ್‌ನಲ್ಲಿ ಕಾಳುಕಾಳಾಗುತ್ತದೆ. ಹೊಸ ಬಾಟಲಿ ತಂದಾಗ ಒಂದು ಚಮಚ ದ್ರವದಲ್ಲಿ ಬೆರೆಸಿ, ಗಾಜಿನ ಮೇಲೆ ಹರಡಿ, ಬೆಳಕಿಗೆ ಹಿಡಿದು ನೋಡಿ.

ಪ್ರಶ್ನೆ: ಮಳೆಗಾಲದಲ್ಲಿ ಮಾಡಿದ ಟಿಶ್ಯೂ ಬಿಸಿನೀರಿನಲ್ಲಿ ಕರಗುವುದೇ ಇಲ್ಲ. ಬೆಳಕು ಕಡಿಮೆ ಕೊಟ್ಟರೂ ಇಡೀ ಹಾಳೆ ಕಪ್ಪಾಗಿಯೇ ಉಳಿಯುತ್ತದೆ. (ಮಂಗಳೂರು)

ಡೈಕ್ರೋಮೇಟ್ ಕತ್ತಲಲ್ಲೂ ಸುಮ್ಮನಿರುವುದಿಲ್ಲ. ಬೆಳಕು ಬೀಳದಿದ್ದರೂ ಅದು ಜೆಲಾಟಿನ್ ಅನ್ನು ನಿಧಾನವಾಗಿ ಗಟ್ಟಿ ಮಾಡುತ್ತಲೇ ಇರುತ್ತದೆ. ಶಾಖ ಮತ್ತು ತೇವ ಕೂಡಿದರೆ ಈ ಕ್ರಿಯೆಯ ವೇಗ ಹೆಚ್ಚುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕರಾವಳಿಗೆ ಇವೆರಡೂ ಸೇರಿಬರುತ್ತವೆ. ಟಿಶ್ಯೂವನ್ನು ಡೈಕ್ರೋಮೇಟ್ ದ್ರಾವಣದಲ್ಲಿ ಮುಳುಗಿಸಿ ರಾತ್ರಿಯಿಡೀ ಒಣಗಲು ಬಿಟ್ಟಿದ್ದರೆ, ನೆಗೆಟಿವ್ ಇಡುವ ಮುಂಚೆಯೇ ಅದು ಕೆಟ್ಟಿರುತ್ತದೆ.

ನಿಮಗೆ ಹೊಂದುವುದು ಆಲ್ಕೊಹಾಲ್ ವಿಧಾನ. ಅಮೋನಿಯಂ ಡೈಕ್ರೋಮೇಟ್‌ನ 5% ದ್ರಾವಣ ಒಂದು ಪಾಲು, ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಪಾಲು, ಬಳಿಯುವ ಹೊತ್ತಿಗೆ ಮಾತ್ರ ಬೆರೆಸಿ. ಬೆರೆಸಿದ್ದನ್ನು ಎತ್ತಿಡಬೇಡಿ. ಪೊಟ್ಯಾಸಿಯಂ ಡೈಕ್ರೋಮೇಟ್ ಇಲ್ಲಿ ಬೇಡ, ಆಲ್ಕೊಹಾಲ್ ಸೇರಿದೊಡನೆ ಹರಳುಗಟ್ಟಬಹುದು. 20×25 ಸೆಂ.ಮೀ. ಹಾಳೆಗೆ 10–12 ಮಿ.ಲೀ. ಸಾಕು. ಸ್ಪಂಜಿನ ಬ್ರಶ್‌ನಲ್ಲಿ ಅಡ್ಡ, ಉದ್ದ, ಮತ್ತೆ ಅಡ್ಡ ಎಳೆಯಿರಿ. ಫ್ಯಾನಿನ ತಣ್ಣನೆ ಗಾಳಿಯಲ್ಲಿ ಒಣಗಿಸಿ, ಹೇರ್ ಡ್ರೈಯರ್ ಹತ್ತಿರ ತರಬೇಡಿ. ಎಸಿ ಇರುವ ಕೋಣೆಯಾದರೆ ಅದು ಗಾಳಿಯ ತೇವವನ್ನೂ ಹೀರುತ್ತದೆ. ಒಣಗಿದ ಹಾಳೆಯನ್ನು ಎರಡು ಮೂರು ಗಂಟೆಯೊಳಗೆ ಬಳಸಿಬಿಡಿ. ಡೈಕ್ರೋಮೇಟ್ ತಾಗದ ಹಾಳೆಗಳು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಬೂಷ್ಟು ಹಿಡಿಯದಿರಲು ದ್ರವ ತಯಾರಿಸುವಾಗಲೇ ಆಲ್ಕೊಹಾಲ್‌ನಲ್ಲಿ ಥೈಮಾಲ್‌ನ ಒಂದೆರಡು ಹರಳು ಕರಗಿಸಿಕೊಳ್ಳಿ.

ಡೈಕ್ರೋಮೇಟ್ ಬದಲು ಡಿಎಎಸ್ ಎಂಬ ಡೈಅಜೈಡ್ ರಾಸಾಯನಿಕ ಬಳಸಿದರೆ ಕತ್ತಲಲ್ಲಿ ಗಟ್ಟಿಯಾಗುವ ತೊಂದರೆ ಇಲ್ಲ, ಕ್ರೋಮಿಯಂನ ವಿಷವೂ ಇಲ್ಲ. ಬೆಲೆ ಜಾಸ್ತಿ, ಸಿಗುವುದು ಕಷ್ಟ. ಕೈಗೆಟಕುವುದಾದರೆ ಕರಾವಳಿಯವರು ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಏಪ್ರಿಲ್–ಮೇ ತಿಂಗಳಲ್ಲಿ ಎರಡು ಹಾಳೆ ಕೂಡಿಸಿದರೆ ಅಂಟುವುದೇ ಇಲ್ಲ, ಜಾರುತ್ತದೆ. ಚಳಿಗಾಲದಲ್ಲಿ ಇದೇ ಸಾಮಾನಿನಲ್ಲಿ ಸರಿಯಾಗಿ ಬರುತ್ತಿತ್ತು. (ಕಲಬುರಗಿ)

ನಿಮ್ಮ ನಲ್ಲಿ ನೀರಿಗೊಮ್ಮೆ ಥರ್ಮಾಮೀಟರ್ ಹಾಕಿ ನೋಡಿ. ಛಾವಣಿಯ ಟ್ಯಾಂಕಿನಿಂದ ಬರುವ ನೀರು ಬೇಸಿಗೆಯಲ್ಲಿ 30 ಡಿಗ್ರಿ ದಾಟಿರುತ್ತದೆ, ಅಷ್ಟಕ್ಕೇ ಜೆಲಾಟಿನ್ ಮೆತ್ತಗಾಗಿ ಲೋಳೆಯಾಗುತ್ತದೆ. ಕೂಡಿಸುವ ನೀರು 15ರಿಂದ 18 ಡಿಗ್ರಿಯೊಳಗಿರಲಿ. ನೀರಿನ ಬಾಟಲಿಗಳನ್ನು ಫ್ರಿಜ್‌ನಲ್ಲಿಟ್ಟುಕೊಂಡರೆ ಐಸ್ ಕರಗಿಸುತ್ತ ಕೂರುವ ಕೆಲಸ ತಪ್ಪುತ್ತದೆ.

ಇನ್ನೊಂದು ಕಾರಣ, ಹೆಚ್ಚು ಹೊತ್ತು ನೆನೆಸುವುದು. ಎರಡು ಹಾಳೆಗಳನ್ನು ಹಿಡಿದಿಡುವುದು ಗೋಂದಲ್ಲ, ಟಿಶ್ಯೂ ಇನ್ನೂ ನೀರು ಹೀರುತ್ತಿರುವಾಗ ಹುಟ್ಟುವ ಸೆಳೆತ. ಪೂರ್ತಿ ಉಬ್ಬಿದ ಟಿಶ್ಯೂಗೆ ಹೀರಲು ಏನೂ ಉಳಿದಿರುವುದಿಲ್ಲ. ನೀರಿಗೆ ಬಿಟ್ಟ ಟಿಶ್ಯೂ ಮೊದಲು ಒಳಕ್ಕೆ ಸುರುಳಿಯಾಗಿ, ಆಮೇಲೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಕ್ಷಣದಲ್ಲೇ ಎತ್ತಿ. ತಣ್ಣೀರಿನಲ್ಲಿ ಇದಕ್ಕೆ ಒಂದರಿಂದ ಎರಡು ನಿಮಿಷ ಸಾಕು. ವರ್ಗಾಯಿಸುವ ಕಾಗದವನ್ನು ಮೊದಲೇ ನೆನೆಸಿಟ್ಟಿರಿ. ನೀರೊಳಗೇ ಮುಖ ಕೂಡಿಸಿ, ಜೋಡಿಯಾಗಿ ಎತ್ತಿ, ಸ್ಕ್ವೀಜಿಯಿಂದ (ರಬ್ಬರ್ ಪಟ್ಟಿಯ ಒರೆಸುಕೋಲು) ನಡುವಿನಿಂದ ಅಂಚಿಗೆ ಒತ್ತಿ, ಮೇಲೊಂದು ಗಾಜು ಮತ್ತು ಭಾರ ಇಟ್ಟು ಅರ್ಧ ಗಂಟೆ ಬಿಡಿ.

ವರ್ಗಾಯಿಸಲು ಯಾವ ಕಾಗದ ಎಂದೂ ಕೇಳಿದ್ದೀರಿ. ಹಳತಾದ ಕಪ್ಪುಬಿಳುಪು ಫೋಟೊ ಪೇಪರನ್ನು ಡೆವಲಪ್ ಮಾಡದೆ ಬರೀ ಹೈಪೊದಲ್ಲಿ (ಬೆಳ್ಳಿ ಲವಣ ತೆಗೆಯುವ ದ್ರಾವಣ) ಫಿಕ್ಸ್ ಮಾಡಿ ತೊಳೆದರೆ ಕಲಿಯುವವರಿಗೆ ಅದಕ್ಕಿಂತ ನಂಬಿಕಸ್ತ ಕಾಗದ ಇಲ್ಲ. ವಾಟರ್‌ಕಲರ್ ಕಾಗದವಾದರೆ 3–4% ಜೆಲಾಟಿನ್‌ನ ಎರಡು ಲೇಪ ಕೊಟ್ಟು, ಕ್ರೋಮ್ ಆಲಮ್‌ನಿಂದ ಗಟ್ಟಿ ಮಾಡಿಕೊಳ್ಳಬೇಕು.

ಪ್ರಶ್ನೆ: ಪ್ರಿಂಟ್‌ನ ಅಂಚುಗಳು ಸುಕ್ಕಾಗಿ ಎದ್ದುಬರುತ್ತವೆ. ನಡುವೆ ಅಲ್ಲಲ್ಲಿ ಕನ್ನಡಿಯಂತೆ ಹೊಳೆಯುವ ಚುಕ್ಕೆಗಳೂ ಇವೆ. (ಧಾರವಾಡ)

ಎರಡಕ್ಕೂ ಕಾರಣ ಬೇರೆ ಬೇರೆ. ನೆಗೆಟಿವ್‌ನ ಸುತ್ತ 6 ಮಿ.ಮೀ. ಅಗಲದ ಕಪ್ಪು ಟೇಪ್ ಅಥವಾ ಕೆಂಪು ಲಿತ್ ಟೇಪ್ ಅಂಟಿಸಿದ್ದೀರಾ? ಈ ರಕ್ಷಣಾ ಅಂಚು ಇಲ್ಲದಿದ್ದರೆ ಅಂಚಿನ ಜೆಲಾಟಿನ್ ಪೂರ್ತಿ ಗಟ್ಟಿಯಾಗಿ ಹಳೆಯ ಕಾಗದಕ್ಕೂ ಕಚ್ಚಿಕೊಂಡಿರುತ್ತದೆ. ಕೀಳುವಾಗ ಎರಡೂ ಕಡೆಯ ಎಳೆತಕ್ಕೆ ಸಿಕ್ಕಿ ಚಿತ್ರವೇ ಏಳುತ್ತದೆ. ಅಂಚು ಬೆಳಕು ಕಾಣದಿದ್ದರೆ ಮೊದಲು ಕರಗುವುದು ಅದೇ, ಬಿಸಿನೀರು ಒಳಹೋಗಲು ದಾರಿಯಾಗುತ್ತದೆ.

ಹೊಳೆಯುವ ಚುಕ್ಕೆ ಕೂಡಿಸುವಾಗ ನಡುವೆ ಸಿಕ್ಕಿಕೊಂಡ ಗಾಳಿ. ಹೊಸದಾಗಿ ತುಂಬಿದ ನಲ್ಲಿ ನೀರಿನಲ್ಲಿ ಗಾಳಿ ಕರಗಿರುತ್ತದೆ. ಕುದಿಸಿ ಆರಿಸಿದ ನೀರು ಬಳಸಿ, ಟಿಶ್ಯೂ ಮುಳುಗಿದೊಡನೆ ಮೇಲ್ಮೈಯನ್ನು ಅಂಗೈಯಿಂದ ಮೆಲ್ಲಗೆ ಸವರಿ ಗುಳ್ಳೆ ಓಡಿಸಿ. ಕೈಗವಸು ಇರಲೇಬೇಕು.

ಪ್ರಶ್ನೆ: ಡೆವಲಪ್ ಮಾಡುವ ನೀರು ಎಷ್ಟು ಬಿಸಿ ಇರಬೇಕು? ತಿಳಿ ಛಾಯೆಗಳು ಪೂರ್ತಿ ಹೋಗಿಬಿಡುತ್ತಿವೆ. (ಬೆಂಗಳೂರು)

40 ಡಿಗ್ರಿಯಿಂದ ಶುರು ಮಾಡಿ. ಒಂದೆರಡು ನಿಮಿಷದಲ್ಲಿ ಅಂಚಿನಿಂದ ಮಸಿ ಒಸರುತ್ತದೆ. ಆಗ ಒಂದು ಮೂಲೆಯಿಂದ ಟಿಶ್ಯೂ ಕಾಗದವನ್ನು ನೀರೊಳಗೇ ನಿಧಾನವಾಗಿ ಎಳೆಯಿರಿ. ತಡೆದರೆ ಬಲ ಹಾಕಬೇಡಿ, ಇನ್ನರ್ಧ ನಿಮಿಷ ಕಾಯಿರಿ. ಕಿತ್ತ ಮೇಲೆ ಟ್ರೇ ತೂಗುತ್ತಿದ್ದರೆ ಐದರಿಂದ ಹತ್ತು ನಿಮಿಷದಲ್ಲಿ ಚಿತ್ರ ತಿಳಿಯಾಗುತ್ತದೆ. ಇನ್ನೂ ಕಪ್ಪಾಗಿದ್ದರೆ 43–45 ಡಿಗ್ರಿಗೆ ಏರಿಸಿ. ಅದಕ್ಕೂ ಮೇಲೆ ಹೋದರೆ ಜೆಲಾಟಿನ್ ಮೇಲೆ ಬಲೆಯಂಥ ಬಿರುಕು ಬರುತ್ತದೆ. ಕೊನೆಗೆ ತಣ್ಣೀರಿನಲ್ಲಿ ಎರಡು ನಿಮಿಷ ಇಟ್ಟು ಪದರವನ್ನು ಬಿಗಿಗೊಳಿಸಿ.

ತಿಳಿ ಛಾಯೆ ಹೋಗುತ್ತಿರುವುದಕ್ಕೆ ನೀರೊಂದೇ ಕಾರಣ ಆಗಿರಲಾರದು. ಡೈಕ್ರೋಮೇಟ್ ತೆಳುವಾದಷ್ಟೂ ಕಾಂಟ್ರಾಸ್ಟ್ ಹೆಚ್ಚು: 0.5% ಅತಿ ಗಡಸು, 4% ಬಹಳ ಮೆದು. ಬೆಳ್ಳಿ ಕಾಗದಕ್ಕೆ ಸರಿಹೋಗುವ ಸಾಮಾನ್ಯ ನೆಗೆಟಿವ್ ಕಾರ್ಬನ್‌ಗೆ ಸಪ್ಪೆ. ನೆಗೆಟಿವ್‌ನ ಸಾಂದ್ರತೆಯ ವ್ಯಾಪ್ತಿ (ಅತಿ ದಟ್ಟ ಮತ್ತು ಅತಿ ತಿಳಿ ಭಾಗಗಳ ಸಾಂದ್ರತೆಯ ವ್ಯತ್ಯಾಸ) 1.8ರ ಆಸುಪಾಸು ಇದ್ದರೆ 2% ದ್ರಾವಣದಿಂದ ಆರಂಭಿಸಿ. ನಿಮ್ಮ ನೆಗೆಟಿವ್ ಅದಕ್ಕಿಂತ ಗಡಸಾಗಿದ್ದರೆ 3%ಗೆ ಏರಿಸಿ, ತಿಳಿ ಛಾಯೆ ಮರಳಿ ಬರುತ್ತದೆ. ಬಿಸಿಲಿನಲ್ಲಿ ಎಕ್ಸ್‌ಪೋಶರ್ ಕೊಡುವವರು 2, 4, 6, 8 ನಿಮಿಷದ ಪಟ್ಟಿ ತೆಗೆದು ನೋಡಿ. ನೆಗೆಟಿವ್ ಮತ್ತು ಟಿಶ್ಯೂ ನಡುವೆ ತೆಳು ಪಾಲಿಯೆಸ್ಟರ್ ಹಾಳೆ ಇರಲಿ, ಇಲ್ಲವಾದರೆ ಬಿಸಿಗೆ ಎರಡೂ ಅಂಟಿಕೊಂಡು ನೆಗೆಟಿವ್ ಹಾಳಾಗುತ್ತದೆ.

ಪ್ರಶ್ನೆ: ಜೆಲಾಟಿನ್ ಪ್ರಾಣಿಜನ್ಯ. ಅಗರ್ ಅಗರ್ ಬಳಸಬಹುದೇ? (ಉಡುಪಿ)

ಆಗುವುದಿಲ್ಲ. ಡೈಕ್ರೋಮೇಟ್ ಬೆಳಕಿನಲ್ಲಿ ಬೆಸೆಯುವುದು ಜೆಲಾಟಿನ್‌ನ ಪ್ರೋಟೀನ್ ಸರಪಣಿಗಳನ್ನು. ಅಗರ್ ಸಕ್ಕರೆಯ ಜಾತಿಯ ವಸ್ತು. ಅದು ಕರಗುವುದೂ 85 ಡಿಗ್ರಿ ದಾಟಿದ ಮೇಲೆಯೇ. ಸಸ್ಯಜನ್ಯವೇ ಬೇಕೆಂದರೆ ಗೋಂದು ಬಳಸುವ ಗಮ್ ಬೈಕ್ರೋಮೇಟ್ ವಿಧಾನ ಕಲಿಯಿರಿ. ಕಾಗದಕ್ಕೆ ಲೇಪ ಕೊಡುವಲ್ಲೂ ಜೆಲಾಟಿನ್ ಬದಲು ಗಂಜಿ ನಡೆಯುತ್ತದೆ. ಕಾರ್ಬನ್‌ನ ಉಬ್ಬುಚಿತ್ರದ ಗುಣ ಮಾತ್ರ ಗಮ್ ವಿಧಾನದಲ್ಲಿ ಸಿಗದು.

ಪ್ರಶ್ನೆ: ಪ್ರಿಂಟ್‌ನ ಹಳದಿ ಛಾಯೆ ತೆಗೆಯುವುದು ಹೇಗೆ? ಉಳಿದ ಡೈಕ್ರೋಮೇಟ್ ನೀರನ್ನು ಬಚ್ಚಲಿಗೆ ಚೆಲ್ಲಬಹುದೇ? (ಹಾಸನ)

ಹಳದಿಗೆ 1% ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಐದು ನಿಮಿಷ, ಆಮೇಲೆ ತಣ್ಣೀರಿನಲ್ಲಿ ಕಾಲು ಗಂಟೆ ತೊಳೆಯುವುದು.

ಬಚ್ಚಲಿಗೆ ಖಂಡಿತ ಬೇಡ. ಇಂಗುಗುಂಡಿ ಇರುವ ಮನೆಯಲ್ಲಿ ಅದು ಬಾವಿಗೇ ಇಳಿಯುತ್ತದೆ. ಡೈಕ್ರೋಮೇಟ್‌ನಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್‌ಕಾರಕ. ಪುಡಿ ತೂಗುವಾಗ ಮಾಸ್ಕ್, ಯಾವಾಗಲೂ ನೈಟ್ರೈಲ್ ಕೈಗವಸು. ಅಮೋನಿಯಂ ಡೈಕ್ರೋಮೇಟ್ ಬೆಂಕಿ ತಾಗಿದರೆ ತಾನೇ ಉರಿಯುತ್ತದೆ, ಒಲೆಯಿಂದ ದೂರವಿಡಿ. ಉಳಿದ ದ್ರಾವಣ ಮತ್ತು ಮೊದಲ ತೊಳೆನೀರನ್ನು ಒಂದು ಪ್ಲಾಸ್ಟಿಕ್ ಡ್ರಮ್‌ನಲ್ಲಿ ಕೂಡಿಡಿ. ಹೊರಗೆ, ಗಾಳಿಯಾಡುವ ಕಡೆ, ವಿನೆಗರ್ ಹಾಕಿ ಹುಳಿ ಮಾಡಿ, ಮೆಟಾಬೈಸಲ್ಫೈಟ್ ಸ್ವಲ್ಪಸ್ವಲ್ಪವೇ ಸೇರಿಸಿ. ಉಸಿರುಗಟ್ಟಿಸುವ ಗಂಧಕದ ಅನಿಲ ಬರುವುದರಿಂದ ಮುಖ ಹತ್ತಿರ ತರಬೇಡಿ. ಕಿತ್ತಳೆ ಬಣ್ಣ ಪೂರ್ತಿ ಹೋಗಿ ಹಸಿರಾದರೆ ಕ್ರೋಮಿಯಂ ಕಡಿಮೆ ವಿಷದ ರೂಪಕ್ಕೆ ಬಂದಿದೆ. ಆಮೇಲೆ ವಾಷಿಂಗ್ ಸೋಡಾ ಹಾಕುತ್ತ ಹೋದರೆ ನೊರೆ ಬಂದು ಹಸಿರು ಗಸಿ ತಳಕ್ಕೆ ಕೂರುತ್ತದೆ. ಆ ಗಸಿಯನ್ನು ಮುಚ್ಚಳದ ಡಬ್ಬಿಯಲ್ಲಿ ಹೆಸರು ಬರೆದಿಟ್ಟು, ಅಪಾಯಕಾರಿ ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೆ ಕೊಡಿ. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ವಿಚಾರಿಸಿದರೆ ಅವರ ಪ್ರಯೋಗಾಲಯದ ತ್ಯಾಜ್ಯ ಯಾರು ಒಯ್ಯುತ್ತಾರೆಂದು ತಿಳಿಯುತ್ತದೆ.