ಜೇಬಿನಲ್ಲಿದ್ದ ದವಡೆ ಹಲ್ಲು

ವಸಡಿನ ಕಾಯಿಲೆಗೆ ವರ್ಷಗಟ್ಟಲೆ ಚಿಕಿತ್ಸೆ ಮಾಡಿಸಿಕೊಂಡು, ಒಂದು ಹಲ್ಲು ಹೋದ ಕೂಡಲೇ ಎಲ್ಲ ಬಿಟ್ಟುಬಿಡುವವರು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಇವರು ಕೊಡಗಿನ ಸೋಮವಾರಪೇಟೆ ಕಡೆಯ ಸಣ್ಣ ಬೆಳೆಗಾರರು. ವಯಸ್ಸು 62. ಸ್ವಲ್ಪ ಅರೇಬಿಕಾ ಕಾಫಿ ತೋಟ ಇದೆ. 11 ವರ್ಷದಿಂದ ಮೂರ್ನಾಲ್ಕು ತಿಂಗಳಿಗೊಮ್ಮೆ ತಪ್ಪದೆ ಕ್ಲೀನಿಂಗ್‌ಗೆ ಹೋಗುತ್ತಿದ್ದರು. ಎರಡು ಹಲ್ಲು ಹೋಗಿ, ಮೂರನೆಯದಾಗಿ ಒಂದು ದವಡೆ ಹಲ್ಲು ಕೀಳಿಸಿದ ಮೇಲೆ ನಿಲ್ಲಿಸಿದರು. ಹುತ್ತರಿ ಹಬ್ಬದ ಊಟಕ್ಕೆ ನೆಂಟರ ಮನೆಗೂ ಹೋಗಲಿಲ್ಲ. ಉಳಿದದ್ದನ್ನೆಲ್ಲ ಕೀಳಿಸಿ ಹಲ್ಲು ಸೆಟ್ ಹಾಕಿಸಿಕೊಳ್ಳುತ್ತೇನೆ ಅಂತ ಹಟ. ಹೆಂಡತಿ ಕರೆದುಕೊಂಡು ಬಂದರು.

ಎರಡನೇ ಸಲ ಬಂದಾಗ ಶರ್ಟಿನ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಹಲ್ಲು. ಬೇರು ಎರಡು ಕಾಲಿನಂತೆ ಕವಲೊಡೆದಿತ್ತು. ಆ ಸಂದಿಯಲ್ಲಿ ಕಂದು ಬಣ್ಣದ ಕಲ್ಲು ಗಟ್ಟಿಯಾಗಿ ಅಂಟಿತ್ತು.

"ನೋಡಿ ಮೇಡಂ, 11 ವರ್ಷ ದುಡಿದಿದ್ದಕ್ಕೆ ಇದು ಕೂಲಿ."

'ಒಂದು ಹಲ್ಲು ತಾನೇ' ಅಂತ ನಾನು ಯಾರಿಗೂ ಹೇಳುವುದಿಲ್ಲ. ಸುಮ್ಮನಿದ್ದೆ. ಹೆಂಡತಿಗೆ ತಡೆಯಲಾಗಲಿಲ್ಲ. "ಬೋರರ್ ಬಿದ್ದ ಗಿಡ ಕೀಳಿಸ್ತೀರಲ್ವಾ? ಅದಕ್ಕೆ ತೋಟಾನೇ ಕೀಳಿಸಿದ್ದೀರಾ?" ಬೋರರ್ ಅಂದರೆ ಕಾಫಿ ಗಿಡದ ಕಾಂಡ ಕೊರೆಯುವ ಹುಳು.

"ಅಲ್ಲಿ ಬೇರೆ ಗಿಡ ನೆಡ್ತೀನಿ. ಬಾಯಲ್ಲಿ ಏನ್ ನೆಡ್ಲಿ?"

ನ್ಯಾಯವಾದ ಪ್ರಶ್ನೆ. ಅದನ್ನು ಅಲ್ಲೇ ಬಿಟ್ಟು, ಬೋರರ್ ಗಿಡ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. ಮುಖ ಸ್ವಲ್ಪ ಅರಳಿತು. ಮಾರ್ಚ್‌ನಲ್ಲಿ ಒಂದು ಸಲ, ಸೆಪ್ಟೆಂಬರ್‌ನಲ್ಲಿ ಒಂದು ಸಲ ಒಂದೊಂದೇ ಗಿಡ ನೋಡಬೇಕಂತೆ. ಕಾಂಡದ ಮೇಲೆ ಉಬ್ಬಿದ ಗೆರೆ ಕಂಡರೆ ಕಿತ್ತು ಸುಡಬೇಕಂತೆ.

"ಎಷ್ಟು ನೋಡಿದ್ರೂ ಒಂದಿಷ್ಟು ಹೋಗ್ತಾವಾ?"

"ಹೋಗೇ ಹೋಗ್ತಾವೆ."

"ನೋಡೋದೇ ಬಿಟ್ರೆ?"

ಉತ್ತರ ಬರಲಿಲ್ಲ. ನಾಲಿಗೆಯಲ್ಲಿ ಹಲ್ಲು ಎಣಿಸಿ ಅಂದೆ. ಕೆನ್ನೆಯ ಒಳಗೆ ನಾಲಿಗೆ ನಿಧಾನವಾಗಿ ಸರಿಯುವುದು ಕಾಣುತ್ತಿತ್ತು. "ಇಪ್ಪತ್ತೈದು." ಚಿಕಿತ್ಸೆಗೆ ಹೋದ ಮೊದಲ ದಿನ ಎಷ್ಟು ಅಲ್ಲಾಡ್ತಿದ್ವು? "ಎಂಟು ಅಂದಿದ್ರು."

ಎಂಟರಲ್ಲಿ ಮೂರು ಹೋಗಿವೆ, ಐದು ಉಳಿದಿವೆ. ಈ ಲೆಕ್ಕವನ್ನು ಅವರಿಗೆ ಯಾರೂ ಮಾಡಿ ತೋರಿಸಿರಲಿಲ್ಲ.

ಕರಗಿದ ದವಡೆ ಮೂಳೆ ಬಹುಮಟ್ಟಿಗೆ ವಾಪಸ್ ಬರುವುದಿಲ್ಲ. ಚಿಕಿತ್ಸೆ ಮಾಡುವುದು ಕರಗುವುದನ್ನು ತಡೆಯುವ ಕೆಲಸ. ದವಡೆ ಹಲ್ಲಿನ ಬೇರು ಕವಲೊಡೆಯುವ ಜಾಗದವರೆಗೆ ಮೂಳೆ ಇಳಿದರೆ ಅಲ್ಲಿಗೆ ಬ್ರಷ್ ಸರಿಯಾಗಿ ತಲುಪುವುದಿಲ್ಲ, ಡಾಕ್ಟರ ಉಪಕರಣಕ್ಕೂ ಕಷ್ಟ. 1978ರಲ್ಲಿ ಹಿರ್ಷ್‌ಫೆಲ್ಡ್ ಮತ್ತು ವಾಸರ್‌ಮನ್ ಎಂಬ ಅಮೆರಿಕದ ದಂತವೈದ್ಯರು ವಸಡಿನ ಚಿಕಿತ್ಸೆ ಪಡೆದ 600 ರೋಗಿಗಳ ಲೆಕ್ಕ ಪ್ರಕಟಿಸಿದರು. ಸರಾಸರಿ 22 ವರ್ಷ ಗಮನಿಸಿದ್ದರು. 300 ಜನರಿಗೆ ವಸಡಿನ ಕಾಯಿಲೆಯಿಂದ ಒಂದು ಹಲ್ಲೂ ಹೋಗಿರಲಿಲ್ಲ. 199 ಜನರಿಗೆ ಒಂದರಿಂದ ಮೂರು ಹೋಗಿದ್ದವು. 76 ಜನರಿಗೆ ನಾಲ್ಕರಿಂದ ಒಂಬತ್ತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಳೆದುಕೊಂಡವರು 25 ಜನ ಮಾತ್ರ. ಸದ್ಯಕ್ಕೆ ನಮ್ಮವರು ಆ 199ರ ಸಾಲಿನವರು. ಹಾಗಂತ ಅವರಿಗೂ ಹೇಳಿದೆ.

ಗಟ್ಟಿ ಹಲ್ಲು ಕೀಳಿಸಬೇಡಿ ಅಂದೆ. ಹಲ್ಲು ಹೋದ ಜಾಗದ ಮೂಳೆ ಸವೆಯುತ್ತಾ ಹೋಗುತ್ತದೆ, ಸೆಟ್ ಸಡಿಲವಾಗುತ್ತದೆ, ಅಗಿಯುವ ಬಲವೂ ತುಂಬಾ ಕಡಿಮೆ. ಇಂಪ್ಲಾಂಟ್, ಅಂದರೆ ಮೂಳೆಗೇ ಕೂರಿಸುವ ಕೃತಕ ಹಲ್ಲು, ಹಾಕಿಸಿದರೂ ಅದರ ಸುತ್ತ ಇದೇ ತರಹದ ಕಾಯಿಲೆ ಬರಬಹುದು, ಇದೇ ಕ್ಲೀನಿಂಗ್ ಬೇಕು. ಖಾಲಿ ಜಾಗಕ್ಕೆ ಏನು ಮಾಡಬಹುದು ಅಂತ ಡಾಕ್ಟರನ್ನು ಕೇಳಿ. ಸಕ್ಕರೆ ಪರೀಕ್ಷೆ ಮಾಡಿಸಿ; ಅದು ಹತೋಟಿ ತಪ್ಪಿದರೆ ವಸಡೂ ಕೆಡುತ್ತದೆ. ಬೀಡಿ ಬಿಡಿ. ಬೀಡಿ ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಕಾಣುತ್ತದೆ, ಕಾಯಿಲೆ ಒಳಗೇ ಮುಂದುವರಿಯುತ್ತದೆ.

'ಚಿಕಿತ್ಸೆ ತಗೊಂಡ್ರೂ ಕೆಲವು ಹೋಗಬಹುದು' ಅಂತ ಮೊದಲೇ ಹೇಳಿದರೆ ಯಾರು ಬರ್ತಾರೆ ಅಂತ ದಂತವೈದ್ಯರೊಬ್ಬರು ನನ್ನ ಮೇಲೆ ಬೇಸರಪಟ್ಟಿದ್ದರು. ನಾನು ಒಪ್ಪುವುದಿಲ್ಲ. ಇವರು 11 ವರ್ಷ ಬಂದರು. ಚಿಕಿತ್ಸೆ ಬಿಟ್ಟದ್ದು ಮೋಸ ಹೋದೆ ಅನ್ನಿಸಿದ ದಿನ. ಮೊದಲ ದಿನವೇ ಗೊತ್ತಿದ್ದರೆ ಈ ಮೂರನೇ ಹಲ್ಲಿಗೆ ದುಃಖಪಡುತ್ತಿದ್ದರು, ಇಷ್ಟು ಸಿಟ್ಟಾಗುತ್ತಿರಲಿಲ್ಲ.

ಕಾಫಿ ಕೊಯ್ಲು ಮುಗಿದ ಮೇಲೆ ಹೋಗ್ತೀನಿ ಅಂದರು. ಕ್ಲೀನಿಂಗ್ ನಿಲ್ಲಿಸಿ ಈಗಾಗಲೇ ಏಳು ತಿಂಗಳಾಗಿತ್ತು. ನನ್ನ ಕೋಣೆಯಿಂದಲೇ ಅವರ ದಂತವೈದ್ಯರಿಗೆ ಫೋನ್ ಮಾಡಿಸಿದೆ. ಗುರುವಾರ ಬನ್ನಿ ಅಂದರಂತೆ. ಹಲ್ಲನ್ನು ಮತ್ತೆ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. ಬಿಸಾಡಿ ಅಂತ ಹೆಂಡತಿ ಹೇಳಲು ಹೊರಟರು, ಬೇಡ ಅಂತ ಸನ್ನೆ ಮಾಡಿದೆ.