ಎಕೋ, ಆಂಜಿಯೋಗ್ರಾಮ್ ಆದ ಮೇಲೂ ಹೃದಯದ ಎಂಆರ್‌ಐ ಏಕೆ ಬೇಕು?

ನಿಮ್ಮ ತಂದೆಯವರಿಗೆ ಎಕೋ ಮತ್ತು ಆಂಜಿಯೋಗ್ರಾಮ್ ಎರಡೂ ಆಗಿರುವಾಗ ವೈದ್ಯರು ಹೃದಯದ ಎಂಆರ್‌ಐ ಬರೆದುಕೊಟ್ಟದ್ದೇಕೆ ಎಂದು ಕೇಳಿದ್ದೀರಿ. ಇಂತಹ ಸ್ಕ್ಯಾನ್‌ಗಳನ್ನು ನೋಡಿ ವರದಿ ಬರೆಯುವುದು ನನ್ನ ವೃತ್ತಿಯಾದ್ದರಿಂದ ಉತ್ತರಿಸುತ್ತಿದ್ದೇನೆ.

ಆಂಜಿಯೋಗ್ರಾಮ್ ರಕ್ತನಾಳದ ಒಳದಾರಿ ಎಲ್ಲಿ ಕಿರಿದಾಗಿದೆ ಎಂಬುದನ್ನು ತೋರಿಸುತ್ತದೆ. ಎಕೋ ಹೃದಯದ ಬಡಿತವನ್ನೂ ಕವಾಟಗಳ ಚಲನೆಯನ್ನೂ ತೋರಿಸುತ್ತದೆ. ಆದರೆ ಸರಿಯಾಗಿ ಸಂಕುಚಿಸದ ಸ್ನಾಯು ಸತ್ತು ಕಲೆಗಟ್ಟಿದೆಯೋ, ಇಲ್ಲವೇ ಸಾಕಷ್ಟು ರಕ್ತ ಸಿಗದೆ ಸೋತಿದ್ದರೂ ಜೀವಂತವಾಗಿಯೇ ಇದೆಯೋ ಎಂಬುದನ್ನು ಅಷ್ಟು ಸ್ಪಷ್ಟವಾಗಿ ಹೇಳಬಲ್ಲದ್ದು ಎಂಆರ್‌ಐ. ಗ್ಯಾಡೋಲಿನಿಯಂ ಇರುವ ಔಷಧವನ್ನು ಕೈಯ ರಕ್ತನಾಳಕ್ಕೆ ಚುಚ್ಚಿ ಸುಮಾರು 10ರಿಂದ 15 ನಿಮಿಷ ಕಾದರೆ, ಆರೋಗ್ಯವಾಗಿರುವ ಸ್ನಾಯುವಿನಿಂದ ಅದು ಹೊರಟುಹೋಗಿ, ಕಲೆಗಟ್ಟಿದ ಜಾಗದಲ್ಲಿ ಮಾತ್ರ ತಂಗಿ, ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಆ ಬಿಳುಪು ಎಲ್ಲಿದೆ ಎಂಬುದರಲ್ಲೇ ಕಾಯಿಲೆಯ ಗುರುತಿರುತ್ತದೆ: ಹೃದಯಾಘಾತದ ಕಲೆ ಒಳಪದರದಿಂದ ಹೊರಕ್ಕೆ ಹರಡಿದರೆ, ಸ್ನಾಯುವಿನ ಉರಿಯೂತದ ಕಲೆ ಹೆಚ್ಚಾಗಿ ಹೊರಪದರದಲ್ಲೋ ನಡುವಿನಲ್ಲೋ ಕಾಣಿಸುತ್ತದೆ. ಕಲೆಯು ಹೃದಯದ ಗೋಡೆಯ ದಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಆವರಿಸಿದ್ದರೆ, ಸ್ಟೆಂಟ್ ಅಥವಾ ಬೈಪಾಸ್‌ನಿಂದ ಆ ಭಾಗ ಮತ್ತೆ ಚೇತರಿಸಿಕೊಳ್ಳುವ ಸಾಧ್ಯತೆ ಕಡಿಮೆ. ನಿಮ್ಮ ವೈದ್ಯರು ಬಹುಶಃ ಇದನ್ನೇ ತಿಳಿಯಬಯಸುತ್ತಿದ್ದಾರೆ, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ಪ್ರಶ್ನೆ.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಅಗಲವನ್ನೂ ಅದರಲ್ಲಿ ಹರಿಯುವ ರಕ್ತದ ಪ್ರಮಾಣವನ್ನೂ ಎಂಆರ್‌ಐಯಿಂದ ಅಳೆಯಬಹುದು. ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ನಾಳಗಳ ಅಡಚಣೆಯನ್ನು ನೋಡುವುದಕ್ಕೆ ಮಾತ್ರ ಸಿಟಿ ಆಂಜಿಯೋಗ್ರಾಮ್ ಮೇಲು.

ಎಕ್ಸ್-ರೇ ವಿಕಿರಣ ಎಂಆರ್‌ಐಯಲ್ಲಿ ಇಲ್ಲವೇ ಇಲ್ಲ. ಸಾಮಾನ್ಯವಾಗಿ 1.5 ಟೆಸ್ಲಾ ಶಕ್ತಿಯ, ಎಂದರೆ ಭೂಮಿಯ ಕಾಂತಕ್ಷೇತ್ರಕ್ಕಿಂತ ಹತ್ತಾರು ಸಾವಿರ ಪಟ್ಟು ಪ್ರಬಲವಾದ ಅಯಸ್ಕಾಂತದೊಳಗೆ ಮುಕ್ಕಾಲು ಗಂಟೆಯಷ್ಟು ಅಲುಗಾಡದೆ ಮಲಗಬೇಕಾಗುತ್ತದೆ. ಹೃದಯ ನಿಲ್ಲದೆ ಮಿಡಿಯುವುದರಿಂದ ಯಂತ್ರವು ಇಸಿಜಿಯ ಲಯಕ್ಕೆ ಹೊಂದಿಸಿ ಚಿತ್ರ ತೆಗೆಯುತ್ತದೆ. ನಡುನಡುವೆ ಹತ್ತು ಹದಿನೈದು ಸೆಕೆಂಡು ಉಸಿರು ಹಿಡಿಯಲು ಹೇಳುತ್ತಾರೆ. ಇದನ್ನು ಮನೆಯಲ್ಲೇ ಒಂದೆರಡು ದಿನ ಅಭ್ಯಾಸ ಮಾಡಿಸಿ, ಏಕೆಂದರೆ ಉಸಿರು ತಪ್ಪಿದರೆ ಚಿತ್ರ ಮಸುಕಾಗುತ್ತದೆ. ಪೇಸ್‌ಮೇಕರ್ ಇದ್ದರೆ ಅದರ ಕಾರ್ಡನ್ನು ತಪ್ಪದೆ ಒಯ್ಯಿರಿ. ಈಗಿನ ಹಲವು ಪೇಸ್‌ಮೇಕರ್‌ಗಳು ಎಂಆರ್‌ಐಗೆ ಹೊಂದುತ್ತವೆ, ಆದರೆ ಮೊದಲೇ ಪರಿಶೀಲಿಸಲೇಬೇಕು. ಸ್ಟೆಂಟ್ ಸಾಮಾನ್ಯವಾಗಿ ಅಡ್ಡಿಯಲ್ಲ. ಮೂತ್ರಪಿಂಡದ ತೊಂದರೆಯಿದ್ದರೆ ಔಷಧ ಚುಚ್ಚುವ ಮೊದಲೇ ತಿಳಿಸಿ.

ವರದಿ ಬಂದಾಗ, ಕಲೆಯು ಗೋಡೆಯ ದಪ್ಪದಲ್ಲಿ ಶೇಕಡಾ ಎಷ್ಟನ್ನು ಆವರಿಸಿದೆ ಎಂದು ಬರೆದಿರುವ ಸಾಲನ್ನು ಹುಡುಕಿ, ಅದರ ಬಗ್ಗೆಯೇ ವೈದ್ಯರನ್ನು ಮೊದಲು ಕೇಳಿ.