ಪೊಲೀಸರೇ ಇಲ್ಲದ ಕೋರ್ಟು ಯಾರನ್ನು ಹಿಡಿದೀತು?

ಪ್ರಶ್ನೆ: ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟು ವಾರಂಟ್ ಹೊರಡಿಸುತ್ತದೆ, ಪುಟಿನ್ ಆರಾಮಾಗಿ ಓಡಾಡುತ್ತಾರೆ. ಈ ಹಲ್ಲು ಕಿತ್ತ ಹಾವಿಗೆ ನಾವು ಯಾಕೆ ಬೆಂಬಲ ಕೊಡಬೇಕು?
– ಓದುಗರು, ಶಿರಸಿ

ಉತ್ತರ: ಸಿಟ್ಟು ಸರಿಯಾಗಿದೆ. ವಾರಂಟ್ ಬಂದದ್ದು 2023ರ ಮಾರ್ಚ್‌ನಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಪುಟಿನ್ ಮಂಗೋಲಿಯಾಕ್ಕೆ ಹೋದರು. ಅದು ಆ ಕೋರ್ಟಿನ ಸದಸ್ಯ ದೇಶ, ಅವರನ್ನು ಹಿಡಿದು ಕೊಡಬೇಕಿತ್ತು. ಹಿಡಿಯುವುದಿರಲಿ, ಗೌರವ ವಂದನೆ ಕೊಟ್ಟು ಬರಮಾಡಿಕೊಂಡರು!

ಆದರೆ ಇದಕ್ಕಿಂತ ಹಳೆಯ ಇನ್ನೊಂದು ಕೋರ್ಟಿತ್ತು. ಯುಗೊಸ್ಲಾವಿಯಾದ ಯುದ್ಧಾಪರಾಧಗಳಿಗಾಗಿಯೇ ವಿಶ್ವಸಂಸ್ಥೆ 1993ರಲ್ಲಿ ಮಾಡಿದ್ದು. 1995ರ ಜುಲೈನಲ್ಲಿ, ಯುಗೊಸ್ಲಾವಿಯಾದಿಂದ ಬೇರೆಯಾಗಿದ್ದ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಬೋಸ್ನಿಯನ್ ಸರ್ಬ್ ಪಡೆ ಸುಮಾರು 8,000 ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದು ಗುಂಡಿಗೆ ಹಾಕಿತು. ಆಮೇಲೆ ಸಾಕ್ಷಿ ಸಿಗಬಾರದೆಂದು ಅದೇ ಗುಂಡಿಗಳನ್ನು ಯಂತ್ರದಿಂದ ಅಗೆದು, ಹೆಣಗಳನ್ನು ಲಾರಿಗೆ ತುಂಬಿ ಬೇರೆ ಕಡೆ ಹೂತರು. ಕೋರ್ಟಿನ ತನಿಖೆಯವರು ಎರಡೂ ಕಡೆ ಅಗೆಸಿದರು. ಮಣ್ಣು, ಖಾಲಿ ತೋಟಾ, ಕಣ್ಣಿಗೆ ಕಟ್ಟಿದ್ದ ಬಟ್ಟೆ ಎಲ್ಲ ಒಂದಕ್ಕೊಂದು ತಾಳೆಯಾದವು. ಕೆಲವರ ಕೈಯಲ್ಲಿ ಸೈಕೋ ಆಟೊಮ್ಯಾಟಿಕ್ ವಾಚ್ ಇತ್ತು. ಅದಕ್ಕೆ ಕೀ ಕೊಡಬೇಕಿಲ್ಲ, ಕೈ ಆಡುತ್ತಿದ್ದರೆ ತಾನೇ ಓಡುತ್ತದೆ, ನಮ್ಮ ಮನೆಯ ಹಳೇ ಎಚ್‌ಎಂಟಿಯೂ ಹಾಗೇ. ಕೈ ನಿಂತರೆ ಒಂದೆರಡು ದಿನದಲ್ಲಿ ವಾಚೂ ನಿಲ್ಲುತ್ತದೆ. ನಿಂತ ವಾಚಿನ ವಾರ, ತಾರೀಖೇ ಸಾಕ್ಷಿಯಾಯಿತು. ಇವರೆಲ್ಲ ಯುದ್ಧದಲ್ಲಿ ಸತ್ತವರು ಅನ್ನುವ ವಾದವೂ ಇತ್ತು. ಕಣ್ಣು ಕಟ್ಟಿಸಿಕೊಂಡು ಯಾರಾದರೂ ಯುದ್ಧ ಮಾಡುತ್ತಾರಾ? ಆ ಸರ್ಬ್ ಪಡೆಯ ಜನರಲ್ ಕ್ರಸ್ತಿಚ್‌ಗೆ 2001ರಲ್ಲಿ 46 ವರ್ಷ ಜೈಲಾಯಿತು, ಮೇಲ್ಮನವಿಯಲ್ಲಿ ಅದು 35ಕ್ಕೆ ಇಳಿಯಿತು.

ದೊಡ್ಡ ತಲೆಗಳು ಮಾತ್ರ ಬೇಗ ಸಿಗಲಿಲ್ಲ. ಬೋಸ್ನಿಯನ್ ಸರ್ಬರ ರಾಜಕೀಯ ನಾಯಕ ಕರಾಜಿಚ್ ಉದ್ದ ಕೂದಲು, ಬಿಳಿ ಗಡ್ಡ ಬಿಟ್ಟು, ಹೆಸರು ಬದಲಿಸಿಕೊಂಡು ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ ಪರ್ಯಾಯ ಚಿಕಿತ್ಸೆಯ ಭಾಷಣ ಮಾಡಿಕೊಂಡಿದ್ದ. 2008ರಲ್ಲಿ ಸಿಕ್ಕಿದ. ಅವರ ಸೇನಾ ಮುಖ್ಯಸ್ಥ ಮ್ಲಾದಿಚ್ ಸಿಕ್ಕಿದ್ದು 2011ರಲ್ಲಿ. ಹಿಡಿದು ಕೊಟ್ಟದ್ದು ಸರ್ಬಿಯಾದವರೇ. ಅವರಿಗೆ ಯುರೋಪಿಯನ್ ಒಕ್ಕೂಟ ಸೇರಬೇಕಿತ್ತು, ಒಕ್ಕೂಟದವರು ಮೊದಲು ಇವರನ್ನು ಒಪ್ಪಿಸಿ ಅಂತ ಪಟ್ಟು ಹಿಡಿದರು. ನಾನು ಬೆಂಬಲ ಅನ್ನುವುದು ಇದಕ್ಕೇ, ಸುಮ್ನೆ ಹೇಳಿಕೆ ಕೊಡುವುದಕ್ಕಲ್ಲ. ಆ ಕೋರ್ಟು ಹೆಸರಿಸಿದ 161 ಆರೋಪಿಗಳಲ್ಲಿ ಕೊನೆಗೆ ಒಬ್ಬನೂ ತಲೆಮರೆಸಿಕೊಂಡು ಉಳಿಯಲಿಲ್ಲ.

ಪ್ರಶ್ನೆ: ಹಾಗಾದರೆ ಭಾರತ ಯಾಕೆ ಸೇರಿಲ್ಲ?
– ಓದುಗರು, ಹಾಸನ

ಉತ್ತರ: ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟು ಸ್ಥಾಪಿಸುವ ಒಪ್ಪಂದವನ್ನು 1998ರಲ್ಲಿ ರೋಮ್‌ನಲ್ಲಿ ಮತಕ್ಕೆ ಹಾಕಿದಾಗ 120 ದೇಶ ಪರ, 7 ವಿರುದ್ಧ, 21 ತಟಸ್ಥ. ನಾವು ತಟಸ್ಥರು. ಭದ್ರತಾ ಮಂಡಳಿಗೆ ಕೇಸು ಕಳಿಸುವ, ತಡೆಯುವ ಅಧಿಕಾರ ಯಾಕೆ, ಅಣ್ವಸ್ತ್ರ ಬಳಸಿದರೆ ಅಪರಾಧ ಅಂತ ಯಾಕೆ ಬರೆದಿಲ್ಲ ಅನ್ನುವುದು ನಮ್ಮವರ ತಕರಾರು. ಅದರಲ್ಲಿ ಹುರುಳಿದೆ. ಅಮೆರಿಕ, ರಷ್ಯಾ, ಚೀನಾ ತಾವು ಸದಸ್ಯರಾಗದೆಯೂ ಮಂಡಳಿಯಲ್ಲಿ ಕೂತು ಬೇರೆಯವರ ಕೇಸು ಕಳಿಸಬಹುದು, ಇದೆಂಥ ನ್ಯಾಯ ಅಲ್ವಾ? ಆದರೂ ನನ್ನ ಕೇಳಿದರೆ, ಈ ತಕರಾರನ್ನು ಒಳಗೆ ಹೋಗಿ, ಮೇಜು ಕುಟ್ಟಿ ಹೇಳಬೇಕಿತ್ತು.